ಹೊಳೆಯಲ್ಲಿ ಬಿದ್ದ ರೈಲ್ವೆ ಕಬ್ಬಿಣಕ್ಕೆ ಮಾಲೀಕರಿದ್ದಾರೆ: ಮೂರು ಜಿಲ್ಲೆಗಳ ಆಡಳಿತಕ್ಕೂ ದಂಡೆಯ ಜನರಿಗೂ ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾಧಿಕಾರಿಗಳಿಗೆ. ಹುಬ್ಬಳ್ಳಿ ರೈಲ್ವೆ ವಿಭಾಗಕ್ಕೆ ಮತ್ತು ರಾಯಚೂರು ಮಾರ್ಗದ ಹೊಣೆ ಹೊತ್ತ ರೈಲ್ವೆ ಅಧಿಕಾರಿಗಳಿಗೆ. ತುಂಗಭದ್ರಾ ಮಂಡಳಿಗೆ, ಮುನಿರಾಬಾದಿನ ನೀರಾವರಿ ಕಚೇರಿಗೆ. ಹಾಗೆಯೇ ಹೊಳೆದಂಡೆಯ ಊರುಗಳ ಎಲ್ಲ ಹಿರಿಯರಿಗೆ, ಗೆಳೆಯರಿಗೆ.

ಮಾನ್ಯರೇ,

ಬೇಸಿಗೆಯಲ್ಲಿ ನೀರು ಇಳಿದಾಗ ತುಂಗಭದ್ರೆ, ಕೃಷ್ಣೆ, ಹಗರಿಯ ಪಾತ್ರದಲ್ಲಿ ಹಳೆಯ ರೈಲ್ವೆ ಸಾಮಾನು ಕಾಣಿಸಿಕೊಳ್ಳುತ್ತದೆ. ತುಂಡು ಕಂಬಿ, ಹಳಿಯಡಿ ಹಾಸುವ ಬೀಡು ಕಬ್ಬಿಣದ ಸ್ಲೀಪರ್, ಎರಡು ಕಂಬಿ ಜೋಡಿಸುವ ಫಿಶ್‌ಪ್ಲೇಟು, ಸೇತುವೆಯ ತೊಲೆಯಾದ ಗರ್ಡರಿನ ಚೂರು, ಮರಳಿನಲ್ಲಿ ಅರ್ಧ ಹೂತ ಮರದ ದಿಮ್ಮಿ. ಕಾಲುವೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಅಲ್ಲಿಯೂ ಇಂಥವು ಕಾಣುತ್ತವೆ. ಅದನ್ನು ಹುಡುಕಿ ಬರುವವರಲ್ಲಿ ರಾತ್ರಿ ಗ್ಯಾಸ್ ಕಟ್ಟರ್ ತಂದು ಕತ್ತರಿಸಿ ಗುಜರಿಗೆ ಹಾಕುವವರಿದ್ದಾರೆ. ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೊ ನೋಡಿ ಹಗ್ಗಕ್ಕೆ ಅಯಸ್ಕಾಂತ ಕಟ್ಟಿಕೊಂಡು ಬರುವ ಹುಡುಗರಿದ್ದಾರೆ. ಇದು ನಮ್ಮ ಸೀಮೆಯ ಇತಿಹಾಸ, ಉಳಿಯಬೇಕು ಎಂದುಕೊಂಡರೂ ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನೆ ಮನೆಗೆ ಹೋಗುವವರೂ ಇದ್ದಾರೆ. ಮೊದಲಿನವರಿಗೆ ಸರ್ಕಾರದ ಕಾಗದ ಬೇಕಿಲ್ಲ. ಕೊನೆಯವರಿಗೆ ಬೇಕು, ಆದರೆ ಕೊಡುವ ಕಚೇರಿ ಯಾವುದೆಂದು ಯಾವ ಪಂಚಾಯಿತಿಯ ಗೋಡೆಯ ಮೇಲೂ ಬರೆದಿಲ್ಲ.

ನಾವು ಕೇಳುತ್ತಿರುವುದು ಒಂದೇ: ಮುಂದಿನ ಬೇಸಿಗೆ ಬರುವ ಮೊದಲು ಈ ಸಾಮಾನಿನ ಬಗ್ಗೆ ಒಂದು ಲಿಖಿತ ಕ್ರಮ ಹೊರಡಿಸಿ; ಅದರಲ್ಲಿ, ಕಂಡದ್ದನ್ನು ಬಂದು ತಿಳಿಸಿದವರಿಗೆ ಸಹಿ, ಮೊಹರು ಇರುವ ಸ್ವೀಕೃತಿ ಚೀಟಿ ಕೊಡಿ. ಯಾಕೆ ಎಂಬುದನ್ನು ಕಾನೂನು ಮತ್ತು ಕೆಲಸ ಎರಡರ ಕಡೆಯಿಂದಲೂ ಹೇಳುತ್ತೇವೆ.

ಮೊದಲು ಒಡೆತನ. "ಆ ಕಂಪನಿಯೇ ಈಗಿಲ್ಲ, ಇನ್ನು ಕಂಬಿ ಯಾರದು?" ಎಂಬ ಮಾತು ದಂಡೆಯಲ್ಲಿ ಪದೇಪದೇ ಕೇಳುತ್ತದೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಬಳ್ಳಾರಿ–ಹೊಸಪೇಟೆ ಮೀಟರ್‌ಗೇಜ್ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ 1884ರಲ್ಲಿ ತೆರೆಯಿತು. 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ ಒಂದಾದವು. ಪೆನಿನ್ಸುಲಾ ರೈಲ್ವೆಯ ಆಡಳಿತವನ್ನು ಸರ್ಕಾರ 1925ರಲ್ಲಿ, ಮದ್ರಾಸ್–ಸದರ್ನ್ ಮರಾಠಾದ ಆಡಳಿತವನ್ನು 1944ರಲ್ಲಿ ಕೈಗೆ ತೆಗೆದುಕೊಂಡಿತು. 1951ರಲ್ಲಿ ಇವೆರಡೂ ಕ್ರಮವಾಗಿ ಮಧ್ಯ ರೈಲ್ವೆ ಮತ್ತು ದಕ್ಷಿಣ ರೈಲ್ವೆಗಳ ಭಾಗವಾದವು. ನಂತರ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ನಮ್ಮ ಬಳ್ಳಾರಿ–ಕೊಪ್ಪಳದ ಕಡೆ ನೈಋತ್ಯ ರೈಲ್ವೆ. ಹೆಸರು ಬದಲಾದಾಗಲೆಲ್ಲ ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದೆ. ನಡುವೆ ಎಲ್ಲಿಯೂ ಸರಪಳಿ ಕಡಿದಿಲ್ಲ. ಇವತ್ತು ಅದು ಭಾರತ ಸರ್ಕಾರದ ಸ್ವತ್ತು.

ಹೊಳೆಯ ನೆಲದ ಒಡೆತನ ಬೇರೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ನದಿ, ಹಳ್ಳ, ಕೆರೆ, ಕಾಲುವೆಗಳ ತಳ ರಾಜ್ಯ ಸರ್ಕಾರದ್ದು. ಅಂದರೆ ನೆಲ ರಾಜ್ಯದ್ದು, ನೆಲದ ಮೇಲೆ ಬಿದ್ದ ಕಂಬಿ ರೈಲ್ವೆಯದು. ಎರಡೂ ಕಡೆಯ ಒಪ್ಪಿಗೆ ಬೇಕು. ಒಬ್ಬರು ಕೊಟ್ಟ ಪತ್ರ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ಗ್ರಾಮ ಪಂಚಾಯಿತಿಯ ಪತ್ರವಂತೂ ಎರಡಕ್ಕೂ ಸಾಲದು. ಒಂದು ವೇಳೆ ನಿಜವಾಗಿಯೂ ವಾರಸುದಾರರಿಲ್ಲದ ವಸ್ತುವೆಂದು ತೀರ್ಮಾನವಾದರೂ ಅದು ಸಿಕ್ಕವರ ಪಾಲಾಗುವುದಿಲ್ಲ. ಸಂವಿಧಾನದ 296ನೇ ವಿಧಿಯಂತೆ ಸರ್ಕಾರಕ್ಕೇ ಸೇರುತ್ತದೆ. "ಮೂವತ್ತು ವರ್ಷ ಯಾರೂ ಕೇಳಿಲ್ಲ, ಅವಧಿ ಮುಗಿಯಿತು" ಎಂಬುದೂ ತಪ್ಪು ಲೆಕ್ಕ. ಕಾಲಮಿತಿ ಕಾಯ್ದೆಯ ಮೂವತ್ತು ವರ್ಷ ಸರ್ಕಾರ ಹೂಡುವ ದಾವೆಗೆ ಸಂಬಂಧಿಸಿದ್ದು. ಯಾರ ಸ್ವಾಧೀನವೂ ಇಲ್ಲದೆ ಹೊಳೆಯ ತಳದಲ್ಲಿ ಬಿದ್ದ ವಸ್ತುವಿನ ಮೇಲೆ ಅದು ಯಾರಿಗೂ ಹೊಸ ಹಕ್ಕು ಹುಟ್ಟಿಸುವುದಿಲ್ಲ.

ಇನ್ನು ಅಪರಾಧದ ಭಾಗ. ಊರಿನ ಹುಡುಗರು ಇದನ್ನು ಗಮನವಿಟ್ಟು ಓದಬೇಕು. ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆ 1966ರದು. 2012ರ ತಿದ್ದುಪಡಿ ಕಳವನ್ನೂ ಅದರೊಳಗೆ ಸೇರಿಸಿತು. ಕದ್ದದ್ದು ಅಥವಾ ಅಕ್ರಮವಾಗಿ ಪಡೆದದ್ದು ಎಂದು ಸಕಾರಣವಾಗಿ ಸಂಶಯಪಡಬಹುದಾದ ರೈಲ್ವೆ ಸಾಮಾನು ನಿಮ್ಮ ಕೈಯಲ್ಲಿ ಸಿಕ್ಕರೆ, ಅದು ಕಾನೂನುಬದ್ಧವಾಗಿ ಬಂತೆಂದು ತೋರಿಸಬೇಕಾದವರು ನೀವು. ಸಾಮಾನು ರೈಲ್ವೆಯದೇ ಎಂದು ಸಾಬೀತುಪಡಿಸುವ ಭಾರ ಮಾತ್ರ ಆಚೆಯವರದು. ಮೊದಲ ಅಪರಾಧಕ್ಕೆ ಐದು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ವಿಶೇಷ ಕಾರಣ ದಾಖಲಿಸದ ಹೊರತು ನ್ಯಾಯಾಲಯ ಒಂದು ವರ್ಷ ಸೆರೆ ಮತ್ತು ಸಾವಿರ ರೂಪಾಯಿ ದಂಡಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎರಡನೇ ಸಲಕ್ಕೆ ಕನಿಷ್ಠ ಎರಡು ವರ್ಷ. ತನ್ನ ಹೊಲದಲ್ಲಿ, ಗೋಡೌನಿನಲ್ಲಿ ಇಂಥ ಸಾಮಾನು ಬಚ್ಚಿಡಲು ಬೇಕೆಂದೇ ಕಣ್ಣುಮುಚ್ಚಿಕೊಂಡ ಜಾಗದ ಮಾಲೀಕನಿಗೂ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಕೊಟ್ಟ ಎಷ್ಟೋ ರೈತರಿಗೆ ಈ ಸೆಕ್ಷನ್ ಇದೆಯೆಂಬುದೇ ಗೊತ್ತಿಲ್ಲ.

ಈ ಕಾಯ್ದೆಯಲ್ಲಿ ಒಂದು ತೊಡಕಿದೆ. ವಿಚಾರಣೆ ನಡೆಸುವುದು ರೈಲ್ವೆ ರಕ್ಷಣಾ ದಳ, ಅಂದರೆ ಆರ್‌ಪಿಎಫ್. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೂ ಅವರಿಗೇ. ಊರಿನ ಪೊಲೀಸ್ ಠಾಣೆಯ ಮಟ್ಟಿಗೆ ಇದು ವಾರಂಟ್ ಇಲ್ಲದೆ ಕೈಹಾಕುವ ಅಪರಾಧವಲ್ಲ. ಹಾಗಾಗಿ ಕಂಬಿ ಕಂಡವರು ಠಾಣೆಗೆ ಹೋದರೆ "ಸ್ಟೇಷನ್ನಿಗೆ ಹೋಗಿ" ಎನ್ನುತ್ತಾರೆ, ರೈಲು ನಿಲ್ದಾಣಕ್ಕೆ ಹೋದರೆ "ಹೊಳೆ ನಮ್ಮದಲ್ಲ" ಎನ್ನಬಹುದು. ಈ ಓಡಾಟದ ನಡುವೆಯೇ ಕಂಬಿ ಮಾಯವಾಗುತ್ತದೆ.

ತಿಳಿಸಲೆಂದೇ ಎತ್ತಿಟ್ಟವರಿಗೆ ಸಾಮಾನ್ಯ ಕಾನೂನು ಒಂದು ಆಸರೆ ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ನಿನ ವಿವರಣೆ ಹೀಗಿದೆ: ಯಾರ ಸ್ವಾಧೀನದಲ್ಲೂ ಇಲ್ಲದ ವಸ್ತುವನ್ನು ಕಾಪಾಡಲು ಅಥವಾ ಮಾಲೀಕರಿಗೆ ಮುಟ್ಟಿಸಲು ಎತ್ತಿಕೊಂಡರೆ ಅಪರಾಧವಲ್ಲ. ಮಾಲೀಕರು ಯಾರೆಂದು ಗೊತ್ತಿದ್ದೂ, ಅಥವಾ ಸಹಜವಾಗಿ ಗೊತ್ತುಮಾಡಿಕೊಳ್ಳಬಹುದಾಗಿದ್ದೂ, ಸ್ವಂತಕ್ಕೆ ಬಳಸಿಕೊಂಡರೆ ಅಪರಾಧ. ಕಂಬಿಯ ಮೈಮೇಲೆ ರೈಲ್ವೆಯ ಅಕ್ಷರಗಳಿರುವಾಗ "ಯಾರದೆಂದು ಗೊತ್ತಾಗಲಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಆದರೆ ಒಳ್ಳೆಯ ಉದ್ದೇಶವಿತ್ತೆಂದು ಆಮೇಲೆ ತೋರಿಸಲು ತಾರೀಖಿರುವ ಕಾಗದ ಬೇಕು. ನಾವು ಚೀಟಿ ಕೇಳುತ್ತಿರುವುದು ಇದಕ್ಕಾಗಿ.

ಹಡಗಿನ ಕಾನೂನಿನಿಂದ ಎರವಲು ತಂದ ಒಂದು ತಪ್ಪು ತಿಳಿವಳಿಕೆಯೂ ಹರಡಿದೆ. ಮುಳುಗಿದ್ದನ್ನು ಎತ್ತಿದವರಿಗೆ ಪಾಲು ಸಿಗುತ್ತದೆ ಎಂಬುದು ಹಡಗು, ದೋಣಿ, ಅವುಗಳ ಸರಕಿಗೆ ಅನ್ವಯಿಸುವ ಮಾತು. ತುಂಗಭದ್ರೆ ಮತ್ತು ಕೃಷ್ಣೆಯ ಕೆಲವು ಹರವುಗಳು 2016ರ ಕಾಯ್ದೆಯಡಿ ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಣೆಯಾಗಿರುವುದು ನಿಜ. ಅಷ್ಟರಿಂದ ಸೇತುವೆಯಿಂದ ಬಿದ್ದ ಗರ್ಡರ್ ಹಡಗಿನ ಅವಶೇಷವಾಗುವುದಿಲ್ಲ.

ಜಾಗದ ಮೇಲೆ ಇನ್ನಷ್ಟು ಅನುಮತಿಗಳು ಕೂಡಿಕೊಳ್ಳುತ್ತವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ನದಿಪಾತ್ರ ಕೆದಕುವಂತಿಲ್ಲ. ಹಂಪಿ–ಆನೆಗೊಂದಿ ಭಾಗದಲ್ಲಿ ಪುರಾತತ್ವ ಸರ್ವೇಕ್ಷಣೆಯ ಹಂಪಿ ವೃತ್ತ ಮತ್ತು 2002ರ ಕಾಯ್ದೆಯಡಿ ಬಂದ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರ ಎರಡನ್ನೂ ಕೇಳಬೇಕು. ಸಂರಕ್ಷಿತ ಸ್ಮಾರಕದ ನೂರು ಮೀಟರ್ ಒಳಗೆ ಅಗೆತ, ಕಟ್ಟಡ ಎರಡೂ ನಿಷಿದ್ಧ. ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನ ನೀರಾವರಿ ಕಚೇರಿಯ ಕೈಯಲ್ಲಿದೆ, ಅಣೆಕಟ್ಟು ಮತ್ತು ಬಲದಂಡೆ ಕಾಲುವೆಗಳು ತುಂಗಭದ್ರಾ ಮಂಡಳಿಯ ಕೈಯಲ್ಲಿವೆ. ರಾಯಚೂರಿನಲ್ಲಿ ಇನ್ನೊಂದು ಗಂಟು: ಕೃಷ್ಣಾ ರೈಲು ಸೇತುವೆಯ ಆಚೆ ದಡ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ, ಮಂತ್ರಾಲಯದ ಕಡೆ ತುಂಗಭದ್ರೆಯ ಆಚೆ ದಡ ಆಂಧ್ರ. ನೀರು ಇಳಿದಾಗ ಕಂಬಿ ಯಾವ ರಾಜ್ಯದ ಮರಳಲ್ಲಿದೆ ಎಂಬುದೇ ಜಗಳವಾಗಬಹುದು. ರೈಲ್ವೆ ಮಾತ್ರ ಎರಡೂ ದಡಕ್ಕೆ ಒಂದೇ, ಆದ್ದರಿಂದ ಮೊದಲ ಅರ್ಜಿ ಅಲ್ಲಿಗೇ ಹೋಗಲಿ.

ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವವಿರುವ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರಬಹುದು. ಪ್ರತಿ ಕಂಬಿಯೂ ಪ್ರಾಚ್ಯವಸ್ತುವಲ್ಲ. ಆದರೆ 1870ರ ದಶಕದ ಮೆತು ಕಬ್ಬಿಣದ ಗರ್ಡರ್ ತುಂಡನ್ನು ತೂಕಕ್ಕೆ ಮಾರುವ ಮೊದಲು ಬಲ್ಲವರು ನೋಡಲೇಬೇಕು. ಇಂಥದ್ದನ್ನು ಪರವಾನಗಿಯಿಲ್ಲದೆ ಹೊರದೇಶಕ್ಕೆ ಕಳಿಸಿದರೆ ಕನಿಷ್ಠ ಆರು ತಿಂಗಳು ಸೆರೆ. ವಿಗ್ರಹ, ನಾಣ್ಯ, ಒಡವೆ ಜೊತೆಯಲ್ಲಿ ಸಿಕ್ಕರೆ ಆ ಕ್ಷಣವೇ ಕೆಲಸ ನಿಲ್ಲಿಸಿ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ನಮ್ಮ ಹೊಳೆಗಳಲ್ಲಿ ಅದು ಅಪರೂಪವೂ ಅಲ್ಲ.

ಈಗ ಗುರುತಿನ ಮಾತು. ಇಲ್ಲಿ ತಪ್ಪಿದರೆ ಅರ್ಜಿ ತಪ್ಪು ಕಚೇರಿಗೆ ಹೋಗುತ್ತದೆ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ., ಮೀಟರ್‌ಗೇಜಿನದು 1,000 ಮಿ.ಮೀ. ಬಿಡಿ ಕಂಬಿಯಲ್ಲಿ ಅಂತರ ಅಳೆಯಲಾಗದು. ಉದ್ದ ಮತ್ತು ತೂಕ ನೋಡಬೇಕು. ಮೀಟರ್‌ಗೇಜಿನಲ್ಲಿ ಬಳಕೆಯಲ್ಲಿದ್ದ 60 ಆರ್ ಎಂಬ ದರ್ಜೆಯ ಕಂಬಿ ಮೀಟರಿಗೆ 29.76 ಕೆ.ಜಿ.; 12 ಮೀಟರಿನ ಪೂರ್ತಿ ಕಂಬಿ ಸುಮಾರು 357 ಕೆ.ಜಿ. ಬ್ರಾಡ್‌ಗೇಜಿನ 90 ಆರ್ ಮೀಟರಿಗೆ 44.61 ಕೆ.ಜಿ.; 13 ಮೀಟರಿಗೆ ಸುಮಾರು 580 ಕೆ.ಜಿ. ಕಂಬಿಯ ತಲೆ ಮತ್ತು ಪಾದದ ನಡುವಿನ ತೆಳು ಭಾಗದಲ್ಲಿ ಉಬ್ಬು ಅಕ್ಷರಗಳಿರುತ್ತವೆ: ಕಾರ್ಖಾನೆಯ ಹೆಸರು, ತಿಂಗಳು, ಇಸವಿ, ಕಂಬಿಯ ದರ್ಜೆ, ಉಕ್ಕು ತಯಾರಿಸಿದ ವಿಧಾನ. ತಲೆ, ಪಾದ ಎರಡೂ ಒಂದೇ ಆಕಾರದ ಜೋಡಿತಲೆ ಕಂಬಿ ಸಿಕ್ಕರೆ ಅದು ತೀರ ಹಳೆಯದು. ಅದಕ್ಕೆ ಕಂಬಿ ಕೂರಿಸುವ ಬೀಡಿನ ಕುರ್ಚಿಗಳು, ಬಿಗಿಯುವ ಮರದ ಚಾವಿಗಳು ಬೇಕಾಗುತ್ತಿದ್ದವು. ಸುತ್ತಮುತ್ತ ಅವೂ ಬಿದ್ದಿರಬಹುದು. ಬೀಡಿನ ಸಿಎಸ್‌ಟಿ–9 ಸ್ಲೀಪರ್ ಎಂದರೆ ಎರಡು ತಟ್ಟೆ, ನಡುವೆ ಒಂದು ಪಟ್ಟಿ, ಬಿಗಿಯುವ ಬೆಣೆಗಳಾದ ಕಾಟರ್‌ಗಳು; ಬ್ರಾಡ್‌ಗೇಜಿನದು ಎಲ್ಲ ಸೇರಿ ನೂರು ಕಿಲೋ ಆಸುಪಾಸು. ತಟ್ಟೆಯ ಮೇಲೆ ರೈಲ್ವೆಯ ಹೆಸರಿನ ಮೊದಲ ಅಕ್ಷರಗಳು, ಇಸವಿ ಎರಕದಲ್ಲೇ ಮೂಡಿರುವುದುಂಟು. ತಂತಿ ಬ್ರಷ್ ಹಾಕಿ ಉಜ್ಜಬೇಡಿ; ತುಕ್ಕಿನ ಜೊತೆ ಅಕ್ಷರವೂ ಉದುರುತ್ತದೆ. ಮೆತ್ತನೆಯ ಬ್ರಷ್, ನೀರು, ಸಂಜೆಯ ಓರೆ ಬಿಸಿಲಲ್ಲಿ ಒಂದು ಫೋಟೊ, ಇಷ್ಟೇ ಸಾಕು.

ಬಳ್ಳಾರಿ–ಗುಂತಕಲ್ ನಡುವೆ ವಿಶೇಷ ಎಚ್ಚರ ಬೇಕು. ಆ ಮಾರ್ಗ ಮದ್ರಾಸ್ ರೈಲ್ವೆಯ ಕಾಲದಲ್ಲಿ ಬ್ರಾಡ್‌ಗೇಜ್ ಆಗಿ ಹುಟ್ಟಿ, ಮೀಟರ್‌ಗೇಜ್ ಆಗಿ, ಮತ್ತೆ ಬ್ರಾಡ್‌ಗೇಜ್ ಆಯಿತು. ಹಗರಿ ಪಾತ್ರದ ಒಂದೇ ಜಾಗದಲ್ಲಿ ಮೂರು ಕಾಲದ ಸಾಮಾನು ಬೆರೆತಿರಬಹುದು. ಹಾಗೆಯೇ ಎಲ್ಲ ಕಂಬಿಯೂ ರೈಲ್ವೆಯದಲ್ಲ. ಮೀಟರಿಗೆ ಹತ್ತು–ಹದಿನೈದು ಕಿಲೋ ತೂಗುವ ಸಣ್ಣ ಕಂಬಿ ಗಣಿಯ ಇಲ್ಲವೇ ಕಾಮಗಾರಿಯ ಟ್ರಾಲಿ ಹಳಿಯದಾಗಿರಬಹುದು. ಅದರ ಮಾಲೀಕರು ಗಣಿ ಕಂಪನಿಯೋ, ಗುತ್ತಿಗೆದಾರರೋ, ನೀರಾವರಿ ಇಲಾಖೆಯೋ ಆಗಿರುತ್ತಾರೆ. ಆಗಲೂ ಅದು ಸಿಕ್ಕವರದಲ್ಲ.

ನಮಗೆ ನಿದ್ದೆಗೆಡಿಸುವ ಸಂಗತಿ ಕಳವಿಗಿಂತ ದೊಡ್ಡದು. ಸೇತುವೆ ಕಂಬದ ಬುಡದಲ್ಲಿ ಬಿದ್ದ ಕಬ್ಬಿಣವೆಲ್ಲ ಗುಜರಿಯಲ್ಲ. ಪ್ರವಾಹದ ನೀರು ಕಂಬಕ್ಕೆ ಬಡಿದು ಕೆಳಕ್ಕೆ ಧುಮುಕಿ, ಬುಡದ ಸುತ್ತ ಸುಳಿಯಾಗಿ ಮರಳನ್ನು ಕೊರೆಯುತ್ತದೆ. ಕಂಬದ ಮೂತಿಯ ಬಳಿ ಈ ಕೊರೆತ ಸಾಮಾನ್ಯ ಕೊರೆತದ ಎರಡರಷ್ಟು ಆಳಕ್ಕೆ ಹೋಗುತ್ತದೆಂದು ಹಿಡಿದೇ ಎಂಜಿನಿಯರುಗಳು ಅಡಿಪಾಯದ ಲೆಕ್ಕ ಹಾಕುತ್ತಾರೆ. ಬಂಡೆಯ ಮೇಲೆ ನಿಂತ ಕಂಬಕ್ಕೆ ಭಯ ಕಡಿಮೆ. ಮರಳಿನಲ್ಲಿ ಇಳಿಸಿದ ಬಾವಿ ಅಡಿಪಾಯಕ್ಕೆ ಹೆಚ್ಚು. ಅದನ್ನು ತಡೆಯಲು ಬುಡದಲ್ಲಿ ದಪ್ಪ ಕಲ್ಲು ಸುರಿದು, ತಂತಿ ಬುಟ್ಟಿಯಲ್ಲಿ ಕಲ್ಲು ಕಟ್ಟಿ, ಕಲ್ಲು ಜಾರದಂತೆ ಹಳೆ ಕಂಬಿಗಳನ್ನು ನೆಟ್ಟಗೆ ಹೊಡೆದು ನಿಲ್ಲಿಸುವ ಪದ್ಧತಿ ರೈಲ್ವೆಯಲ್ಲಿದೆ. ಅಂಥ ಒಂದು ಕಂಬಿ ಕಿತ್ತರೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಮುಂದಿನ ಮಹಾಪೂರದಲ್ಲಿ ಕಲ್ಲುಗಳು ಒಂದೊಂದಾಗಿ ಜಾರುತ್ತವೆ, ಕಂಬದ ಬುಡ ಬಯಲಾಗುತ್ತದೆ, ಮೇಲೆ ಗಾಡಿ ಓಡುತ್ತಲೇ ಇರುತ್ತದೆ. 2009ರ ಅಕ್ಟೋಬರಿನ ಪ್ರವಾಹ ಕಂಡ ರಾಯಚೂರಿನವರಿಗೆ ಆ ನೀರಿನ ಬಲ ವಿವರಿಸಬೇಕಿಲ್ಲ. ಆದ್ದರಿಂದ ರೈಲು ಸೇತುವೆಯ ಆಸುಪಾಸಿನಲ್ಲಿ ನೆಟ್ಟಗೆ ನಿಂತ, ಸಾಲಾಗಿ ನಿಂತ, ಕಲ್ಲಿನೊಳಗೆ ಸಿಕ್ಕ ಯಾವ ಕಂಬಿಯನ್ನೂ ಯಾರೂ ಮುಟ್ಟಬಾರದು. ಹರಾಜು ಹಿಡಿದ ಗುತ್ತಿಗೆದಾರರೂ ಸೇತುವೆ ಎಂಜಿನಿಯರ್ ಎದುರಿಗಿಲ್ಲದೆ ಮುಟ್ಟಬಾರದು. ಜೆಸಿಬಿ ಇಳಿಸಿ ಮರಳು ಬಗೆದರಂತೂ ಅದು ಗಣಿ ಮತ್ತು ಖನಿಜ ಕಾಯ್ದೆಯಡಿ ಅಕ್ರಮ ಮರಳು ಗಣಿಗಾರಿಕೆಯೆಂದೇ ದಾಖಲಾಗಬಹುದು, ವಾಹನ ಜಪ್ತಿಯಾಗಬಹುದು.

ಎತ್ತುವ ಕೆಲಸದಲ್ಲಿ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ? ತೂಕದ ಅಂದಾಜಿನಲ್ಲಿ. ನೀರಿನೊಳಗೆ ಉಕ್ಕಿನ ತೂಕ ಎಂಟರಲ್ಲಿ ಒಂದು ಪಾಲಿನಷ್ಟು ಕಡಿಮೆ ಎನಿಸುತ್ತದೆ. 357 ಕಿಲೋದ ಕಂಬಿ ನೀರಲ್ಲಿ 311ರಂತೆ ತೂಗುತ್ತದೆ. ಮೇಲ್ಮೈ ದಾಟಿದ ಕೂಡಲೇ ಪೂರ್ತಿ ಭಾರ ಹಗ್ಗದ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಹೂತಿದ್ದರೆ ಅದಕ್ಕೂ ಮೊದಲು ಕೆಸರಿನ ಹೀರುವಿಕೆಯನ್ನು ಬಿಡಿಸಬೇಕು. ಆಗ ಬೇಕಾಗುವ ಎಳೆತ ಕಂಬಿಯ ತೂಕವನ್ನೂ ಮೀರಬಹುದು, ಬಿಟ್ಟಾಗ ಒಮ್ಮೆಲೆ ಬಿಡುತ್ತದೆ. ಟ್ರ್ಯಾಕ್ಟರಿನ ಕೊಕ್ಕೆಗೆ ಸರಪಳಿ ಕಟ್ಟಿ ಜಗ್ಗುವವರು ಪೆಟ್ಟು ತಿನ್ನುವುದು ಇಲ್ಲೇ: ಸರಪಳಿ ತುಂಡಾದರೆ ಹಿಂದಕ್ಕೆ ಚಾಟಿಯಂತೆ ಬೀಸುತ್ತದೆ. ಹರಿಗೋಲಿನಿಂದ ಎತ್ತುವ ಪ್ರಯತ್ನವಂತೂ ಬೇಡವೇ ಬೇಡ. ಒಂದು ಅಂಚಿಗೆ ಭಾರ ಬಿದ್ದರೆ ಅದು ಮಗುಚಿಕೊಳ್ಳುತ್ತದೆ. ಸರಿಯಾದ ದಾರಿ ದಡದಲ್ಲಿ ಮೂರು ಕಾಲಿನ ಸ್ಟ್ಯಾಂಡ್, ತೂಕದ ಎರಡರಷ್ಟು ತಾಳುವ ಚೈನ್ ಪುಲ್ಲಿ, ಎರಡು ಕಡೆ ಬೆಲ್ಟ್, ನಿಧಾನದ ಎತ್ತುವಿಕೆ. ಕೆಸರನ್ನು ನೀರಿನ ಪೈಪಿನಿಂದ ಸಡಿಲಿಸಿದ ಮೇಲೆಯೇ ಎತ್ತಬೇಕು.

ಅಯಸ್ಕಾಂತದ ಹುಡುಗರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಬರೆದ ಐನೂರು ಕಿಲೋ ಎಂಬುದು ದಪ್ಪ, ನಯವಾದ ಉಕ್ಕಿನ ಹಲಗೆಯಿಂದ ನೇರವಾಗಿ ಕೀಳಲು ಬೇಕಾದ ಬಲ. ತುಕ್ಕು, ಕೆಸರು ನಡುವೆ ಇದ್ದರೆ, ಓರೆಯಾಗಿ ಎಳೆದರೆ ಅದರಲ್ಲಿ ಸಣ್ಣ ಪಾಲೂ ಸಿಗುವುದಿಲ್ಲ. ಬದಲಿಗೆ ಅಯಸ್ಕಾಂತ ಸೇತುವೆಯ ಗರ್ಡರಿಗೋ ಕಾಲುವೆಯ ಗೇಟಿಗೋ ಅಂಟಿ ಕೂರುತ್ತದೆ, ಬಿಡಿಸಲು ನೀವು ನೀರಿಗಿಳಿಯುತ್ತೀರಿ. ಅಣೆಕಟ್ಟಿನಿಂದ ಯಾವಾಗ ನೀರು ಬಿಡುತ್ತಾರೆಂದು ನಿಮಗೆ ಫೋನ್ ಬರುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ. ರೈಲು ಸೇತುವೆಯ ಮೇಲೆ ನಿಂತು ಹಗ್ಗ ಬಿಡುವುದು ರೈಲ್ವೆ ಕಾಯ್ದೆಯಲ್ಲಿ ಅತಿಕ್ರಮ ಪ್ರವೇಶ; ಅದಕ್ಕಿಂತ ಮುಖ್ಯವಾಗಿ, ಗಾಡಿ ಬಂದಾಗ ಸರಿದು ನಿಲ್ಲಲು ಅಲ್ಲಿ ಎಲ್ಲ ಕಡೆ ಜಾಗವಿರುವುದಿಲ್ಲ.

ಒಂದು ವಸ್ತುವನ್ನು ಎಲ್ಲರೂ ಗುರುತು ಹಿಡಿಯಬೇಕು. ಸುಮಾರು ಎರಡು ಇಂಚು ಅಗಲದ, ಚಪ್ಪಟೆ ತಗಡಿನ ಬಿಲ್ಲೆ, ಬದಿಗೆ ಮಡಚುವ ಸೀಸದ ಅಥವಾ ತಗಡಿನ ಪಟ್ಟಿ. ಅದು ಡಿಟೋನೇಟರ್. ಮಂಜಿನಲ್ಲಿ, ಅಪಾಯದಲ್ಲಿ ಚಾಲಕನಿಗೆ ಸದ್ದಿನಿಂದ ಎಚ್ಚರಿಸಲು ಹಳಿಯ ಮೇಲೆ ಕಟ್ಟುವ ಸಿಡಿಮದ್ದು. ಎಷ್ಟು ಹಳೆಯದಾದರೂ, ನೆನೆದಿದ್ದರೂ ಸತ್ತಿದೆ ಎಂದುಕೊಳ್ಳಬಾರದು. ಮೀನು ಹಿಡಿಯಲೆಂದು ಅಕ್ರಮವಾಗಿ ಎಸೆದು ಸಿಡಿಯದೆ ಉಳಿದ ಜಿಲೆಟಿನ್ ಕಡ್ಡಿಗೂ ಇದೇ ಮಾತು. ಮುಟ್ಟದೆ, ದೂರ ಸರಿದು 112ಕ್ಕೆ ಫೋನ್ ಮಾಡಿ.

ಗ್ಯಾಸ್ ಕಟ್ಟರ್ ಹಿಡಿಯುವವರ ಆರೋಗ್ಯವೂ ನಮಗೆ ಮುಖ್ಯ. ಹಳೆ ಗರ್ಡರುಗಳಿಗೆ ಕೆಂಪು ಸೀಸದ ಬಣ್ಣ ಬಳಿಯುತ್ತಿದ್ದರು. ಜ್ವಾಲೆ ತಾಗಿದರೆ ಸೀಸದ ಹೊಗೆ ಏಳುತ್ತದೆ, ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಮರದ ಸ್ಲೀಪರಿಗೆ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಿದ್ದರು. ಅದನ್ನು ಒಲೆಗೆ ಹಾಕುವುದು, ಅದರಿಂದ ದನದ ಗೋದಲಿ ಮಾಡುವುದು ಎರಡೂ ವಿಷ.

ಎತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಹಳ ವರ್ಷ ನೀರಲ್ಲಿದ್ದ ಬೀಡಿನಲ್ಲಿ ಕಬ್ಬಿಣ ಕರಗಿ ಹೋಗಿ ಗ್ರಾಫೈಟಿನ ಮೆತ್ತನೆಯ ಚಿಪ್ಪಷ್ಟೇ ಉಳಿದಿರಬಹುದು. ನೋಡಲು ಆಕಾರ ಪೂರ್ತಿಯಿರುತ್ತದೆ. ಬಿಸಿಲಿಗಿಟ್ಟ ಕೆಲವೇ ದಿನಗಳಲ್ಲಿ ಪದರು ಪದರಾಗಿ ಉದುರುತ್ತದೆ. ಹಾಗಾಗಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾದದ್ದನ್ನು ಒಣಗಲು ಬಿಡದೆ ಒದ್ದೆ ಗೋಣಿಚೀಲ, ಮೇಲೆ ಪ್ಲಾಸ್ಟಿಕ್ ಹೊದಿಸಿ ತಂದು, ತೊಟ್ಟಿಯಲ್ಲಿ ಎರಡು ಶೇಕಡಾ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿಡಬೇಕು: ನೂರು ಲೀಟರಿಗೆ ಎರಡು ಕಿಲೋ. ಆಮೇಲಿನದು ಪರಿಣತರ ಕೆಲಸ. ತೊಟ್ಟಿ, ನೀರು, ಇಡಲು ನೆರಳು ಮೊದಲೇ ಸಿದ್ಧವಿಲ್ಲದಿದ್ದರೆ ಹೊಳೆಯಲ್ಲೇ ಬಿಡುವುದು ಮೇಲು. ನೂರು ವರ್ಷ ಅಲ್ಲಿ ಉಳಿದದ್ದು ಇನ್ನೊಂದು ವರ್ಷ ಉಳಿದೀತು.

ಹಾಗಾದರೆ ಕಂಡವರು ಏನು ಮಾಡಬೇಕು? ಎತ್ತಬೇಡಿ, ಕದಲಿಸಬೇಡಿ. ಅಳತೆಗೆ ಪಕ್ಕದಲ್ಲಿ ಒಂದು ಟೇಪು ಅಥವಾ ಗುರುತಿನ ಕೋಲಿಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ; ಅಕ್ಷರಗಳದ್ದು ಹತ್ತಿರದಿಂದ, ಸೇತುವೆ ಕಾಣುವಂತೆ ಒಂದು ದೂರದಿಂದ. ಮೊಬೈಲಿನ ಅಕ್ಷಾಂಶ–ರೇಖಾಂಶ ಬರೆದುಕೊಳ್ಳಿ. ಸೇತುವೆಯ ಬದಿಗೋಡೆಯ ಮೇಲೆ ಬರೆದ ಸೇತುವೆ ಸಂಖ್ಯೆ, ದಡದಿಂದ ಎಷ್ಟನೇ ಕಂಬ, ಕಂಬದಿಂದ ಎಷ್ಟು ಹೆಜ್ಜೆ, ಹರಿವಿನ ಮೇಲೋ ಕೆಳಗೋ, ಇವೆಲ್ಲ ನೆಲದ ಮೇಲೆ ನಿಂತೇ ನೋಡಬಹುದು. ಅಂದಿನ ತಾರೀಖು ಇರಲಿ. ಈ ವಿವರಗಳ ಒಂದು ಪುಟವನ್ನು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಹತ್ತಿರದ ಆರ್‌ಪಿಎಫ್ ಠಾಣೆಗೆ, ತಹಶೀಲ್ದಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಯಾರಾದರೂ ಆಗಲೇ ಕತ್ತರಿಸುತ್ತಿದ್ದರೆ ಹತ್ತಿರ ಹೋಗದೆ ರೈಲ್ವೆಯ 139ಕ್ಕೆ ತಿಳಿಸಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ: ಇಂಥ ಸಂಖ್ಯೆಯ ಸೇತುವೆಯ ಹಳೆ ಗರ್ಡರ್, ಹಳಿ ತೆಗೆದಾಗಿನ ಸಾಮಗ್ರಿ ಲೆಕ್ಕ ಎಲ್ಲಿದೆ, ಯಾವುದಾದರೂ ಹರಾಜಾಗಿದೆಯೇ, ಹರಾಜಾದದ್ದನ್ನು ಕೊಂಡವರು ಎತ್ತಿದರೇ, ಕಂಬದ ರಕ್ಷಣೆಗೆ ಹಳೆ ಕಂಬಿ ಬಳಸಿದ ದಾಖಲೆ ಇದೆಯೇ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು.

ಗುಜರಿ ಅಂಗಡಿಯವರೇ, ರೈಲ್ವೆ ತನ್ನ ಹಳೆ ಕಬ್ಬಿಣವನ್ನು ಆನ್‌ಲೈನ್ ಇ-ಹರಾಜಿನಲ್ಲೇ ಮಾರುತ್ತದೆ. ಸಕ್ರಮವಾಗಿ ಬಂದ ಕಂಬಿಗೆ ಲಾಟ್ ಸಂಖ್ಯೆ, ಡೆಲಿವರಿ ಆರ್ಡರ್, ಗೇಟ್ ಪಾಸ್, ತೆರಿಗೆ ಬಿಲ್ಲು ಇರುತ್ತವೆ. ಇವುಗಳ ನಕಲು ಇಲ್ಲದೆ ಕಂಬಿ, ಫಿಶ್‌ಪ್ಲೇಟು, ಬೀಡಿನ ತಟ್ಟೆ ಕೊಳ್ಳಬೇಡಿ. "ಹೊಳೆಯಲ್ಲಿ ಸಿಕ್ಕಿದ್ದು" ಎಂದು ತಂದವರಿಂದಂತೂ ಬೇಡ.

ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ಈಗ ವಿವರವಾಗಿ. ಪ್ರತಿ ಜಿಲ್ಲೆಯಲ್ಲಿ ಒಂದೇ ಮೇಜು ಇರಲಿ. ಅದು ಜಿಲ್ಲಾಧಿಕಾರಿ ಕಚೇರಿಯಲ್ಲೇ ಇರಲಿ. ಜನ ಆ ಬಾಗಿಲು ಬಲ್ಲರು, ರೈಲ್ವೆ ವಿಭಾಗದ ಕಚೇರಿ ಹುಬ್ಬಳ್ಳಿಯಷ್ಟು ದೂರ. ತಿಳಿಸಿದವರಿಗೆ ಅಂದೇ ಚೀಟಿ ಸಿಗಬೇಕು. ಹದಿನೈದು ದಿನದೊಳಗೆ ಜಂಟಿ ಸ್ಥಳ ಪರಿಶೀಲನೆ ಆಗಲಿ: ರೈಲ್ವೆಯ ಸೇತುವೆ ಎಂಜಿನಿಯರ್, ಆರ್‌ಪಿಎಫ್, ನೀರಾವರಿ ಇಲಾಖೆ, ತಹಶೀಲ್ದಾರರು, ಮೀಸಲಿನೊಳಗಾದರೆ ಅರಣ್ಯದವರು, ಹಂಪಿಯ ಹರವಿನಲ್ಲಾದರೆ ಪುರಾತತ್ವದವರು. ಪಂಚನಾಮೆಯಲ್ಲಿ ಪ್ರತಿ ವಸ್ತುವಿಗೂ ಒಂದು ತೀರ್ಮಾನ ಬರೆಯಬೇಕು. ಸೇತುವೆಗೋ ಕಾಲುವೆಯ ಲೈನಿಂಗಿಗೋ ಆಸರೆಯಾಗಿರುವುದನ್ನು ಬಣ್ಣದ ಗುರುತು ಹಾಕಿ ಅಲ್ಲೇ ಬಿಡಿ. ಇತಿಹಾಸದ ಬೆಲೆಯಿರುವುದು 2020ರಲ್ಲಿ ತೆರೆದ ಹುಬ್ಬಳ್ಳಿ ರೈಲು ವಸ್ತುಸಂಗ್ರಹಾಲಯಕ್ಕೆ, ಅಥವಾ ಒಡೆತನ ರೈಲ್ವೆಯಲ್ಲೇ ಇಟ್ಟು ಬಳ್ಳಾರಿ, ರಾಯಚೂರು, ಕೊಪ್ಪಳ ನಿಲ್ದಾಣಗಳಿಗೆ ಹೋಗಲಿ. ಸಿಕ್ಕ ಊರಿನ ಹೆಸರು ಫಲಕದ ಮೇಲಿರಲಿ. ಮಿಕ್ಕದ್ದು ಇ-ಹರಾಜಿಗೆ. ಎತ್ತುವ ಕೂಲಿ, ಓಡಾಟದ ಹರಿಗೋಲಿನ ಬಾಡಿಗೆ ಆಯಾ ಊರಿನ ಅಂಬಿಗರಿಗೇ ಸಿಗಲಿ. ಮಡು ಎಲ್ಲಿದೆ, ಸುಳಿ ಎಲ್ಲಿದೆ ಎಂದು ಅವರಷ್ಟು ಬಲ್ಲವರಿಲ್ಲ.

ಕೆಲಸದ ಕಾಲವೂ ಚಿಕ್ಕದು. ಕಾಲುವೆಗಳಿಗೆ ನೀರು ನಿಂತು ಹೊಳೆ ತಳ ಕಾಣುವುದು ಏಪ್ರಿಲ್–ಮೇ ತಿಂಗಳಲ್ಲಿ. ಜೂನ್ ದಾಟಿದರೆ ಮತ್ತೊಂದು ವರ್ಷ ಕಾಯಬೇಕು. ಸುತ್ತೋಲೆ ಜನವರಿಯೊಳಗೆ ಹೊರಟರೆ ಮಾರ್ಚಿನೊಳಗೆ ಸಿದ್ಧತೆ ಮುಗಿಸಿ, ತಳ ಕಂಡ ಕೂಡಲೇ ಪಂಚನಾಮೆ ಮಾಡಬಹುದು. ಚೀಟಿಯ ನಮೂನೆ ಅರ್ಧ ಪುಟ ಸಾಕು: ತಿಳಿಸಿದವರ ಹೆಸರು, ತಾರೀಖು, ಜಾಗ, ವಸ್ತುವಿನ ವಿವರ, ಫೋಟೊಗಳ ಸಂಖ್ಯೆ, "ವಸ್ತು ಸ್ಥಳದಲ್ಲೇ ಇದೆ, ತಿಳಿಸಿದವರು ಕದಲಿಸಿಲ್ಲ" ಎಂಬ ಒಂದು ಸಾಲು, ಪಡೆದ ಅಧಿಕಾರಿಯ ಸಹಿ ಮತ್ತು ಮೊಹರು. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಗೆ ಒಂದೊಂದು ಪುಸ್ತಕ ಕಳಿಸಿ.

ಇಂತಿ,
ಹಳಿ, ಸೇತುವೆ ಮತ್ತು ಹೊಳೆಯ ಕೆಲಸ ಬಲ್ಲ ಕೆಲವು ನಾಗರಿಕರು
ಬಳ್ಳಾರಿ, ರಾಯಚೂರು, ಕೊಪ್ಪಳ